ಒಂಬತ್ತನೇ ನಂಬರಿನ ಎರಡು ಮನೆಗಳು

ಕಾಲ್ಟನ್‌ಗ್ರಾಬನ್, ಮನೆ ನಂಬರ್ 9
16 ನವೆಂಬರ್ 2023, ಗುರುವಾರ

ಪ್ರೀತಿಯ ಲಿಂಡಿ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಆಪರೇಷನ್ ಆಗಿ ಈಗ ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತೀಯ ಎಂದು ಬೇಕರಿಯಲ್ಲಿ ಯಾರೋ ಹೇಳಿದರು. ನನಗೆ ಹೇಳಿದ್ದಲ್ಲ, ನನ್ನ ಹಿಂದೆ ನಿಂತವರಿಗೆ ಹೇಳಿದ್ದು. ನಾನು ಬ್ರೆಡ್ಡಿನ ಕಡೆ ನೋಡುತ್ತಾ ಕೇಳಿಸಿಕೊಂಡೆ. ನಿನ್ನ ಎಂಗೆಲ್‌ಬರ್ಟ್‌ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಇಲ್ಲಾ ಈಗಲೂ ಕಾಫಿಗೆ ಮೂರು ಚಮಚ ಹಾಕಿಕೊಂಡು ನಿನ್ನ ಮುಂದೆ ಒಂದೇ ಎನ್ನುತ್ತಾನೆಯೇ? ನನ್ನ ಸುದ್ದಿ ಏನೂ ಹೆಚ್ಚಿಲ್ಲ. ಎಡಗಣ್ಣಿಗೆ ಪೊರೆ ಬಂದಿದೆ, ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಎಪ್ಪತ್ತೆರಡಕ್ಕೆ ಇಷ್ಟು ಇದ್ದದ್ದೇ. ದಣಿವು ಮಾತ್ರ ಬಿಡುತ್ತಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಸಂಜೆಯಾದಷ್ಟು ಸುಸ್ತು. ನಮ್ಮಿಬ್ಬರ ನಡುವೆ ಇರುವುದು ಒಂದು ಹಳ್ಳ, ಒಂದು ಸೇತುವೆ, ನಾಲ್ಕು ಕಿಲೋಮೀಟರ್ ದಾರಿ. ಈ ಕಾಗದ ಗ್ರಾಟ್ಸ್ ನಗರದ ಅಂಚೆ ಕಚೇರಿಯವರೆಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಅಲ್ಲಿಂದ ವಾಪಸು ನಿನ್ನ ಮನೆಗೆ ಬರುತ್ತದೆ. ಐದು ವರ್ಷದಿಂದ ಮಾತು ಬಿಟ್ಟವರಿಗೆ ಆ ಸುತ್ತು ದೊಡ್ಡದೇನಲ್ಲ.

ಹೋದ ಶನಿವಾರ ಮಾರ್ಟಿನ್ ಸಂತನ ಹಬ್ಬ. ನಿನಗೆ ಗೊತ್ತೇ ಇದೆ, ಅಂದಿಗೆ ಬಿಸಿಲು ನಮ್ಮ ಛಾವಣಿ ಬಿಟ್ಟುಹೋಗುತ್ತದೆ. ಇನ್ನು ಫೆಬ್ರವರಿ ಎರಡರವರೆಗೆ ಗುಡ್ಡದ ಈ ಮಗ್ಗುಲಿಗೆ ಸೂರ್ಯನ ಹಂಗಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಎದುರು ಗುಡ್ಡದ ನಿಮ್ಮ ಊರು ಸೊನ್‌ಲೈಟನ್ ಪೂರ್ತಿ ಬೆಳಗುತ್ತಿರುತ್ತದೆ, ನಿಮ್ಮ ಸೇಬಿನ ಗಿಡ, ಹಗ್ಗದ ಮೇಲಿನ ಬಟ್ಟೆ ಸಮೇತ. ನೀನು ಮಂಗಳವಾರ ಬಟ್ಟೆ ಒಗೆಯುವುದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ನಿನ್ನ ಮದುವೆಯ ದಿನ ಅಮ್ಮ ನಿನ್ನ ಕೆನ್ನೆ ಹಿಡಿದು, "ನೆರಳಲ್ಲಿ ನಡುಗಿದ್ದು ಸಾಕು ಮಗಳೇ, ಹೋಗು, ಬಿಸಿಲು ಕಾಯಿಸ್ಕೋ" ಅಂದಿದ್ದಳು. ನಿಮ್ಮ ಮನೆಯ ನಂಬರೂ ಒಂಬತ್ತು ಎಂದು ತಿಳಿದಾಗ ಅಪ್ಪ ಗ್ಲಾಸು ಎತ್ತಿ, "ಒಂಬತ್ತರಿಂದ ಎದ್ದು ಒಂಬತ್ತಕ್ಕೇ ಹೋಗ್ತಾಳೆ ಕಣ್ರೋ, ಹೊಸ ನಂಬರ್ ಕಲಿಯೋ ಕಷ್ಟಾನೂ ಇಲ್ಲ ಇವಳಿಗೆ" ಎಂದು ನಗಿಸಿದ್ದ. ಆಗ ಎರಡೂ ಬೇರೆ ಬೇರೆ ಪಂಚಾಯಿತಿ. ಎರಡು ಕಡೆ ಎರಡು ಒಂಬತ್ತು ಇದ್ದರೆ ಯಾರಿಗೇನು ತೊಂದರೆ?

ಈಗ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿಯವರು ಊರಿನ ಪುಸ್ತಕ ತರುತ್ತಿದ್ದಾರೆ. ಹಳ್ಳ, ಗುಡ್ಡ, ಕಾಡಿನ ಲೆಕ್ಕ ಎಲ್ಲ ಶಾಲೆಯ ಮೇಷ್ಟರು ಬರೆದಿದ್ದಾರೆ. ಮನೆಗಳ ಚರಿತ್ರೆ ನನ್ನ ಪಾಲಿಗೆ ಬಂತು. ಮೂವತ್ತೊಂದು ವರ್ಷ ಕಾಲ್ಟನ್‌ಗ್ರಾಬನ್ ಪಂಚಾಯಿತಿಯ ಕಾರ್ಯದರ್ಶಿಯಾಗಿದ್ದವಳು ನಾನು, ಇನ್ಯಾರು ಬರೆಯಬೇಕು? ಮನೆಗೊಂದು ಪುಟ. ಯಾವ ಮನೆ ಯಾವಾಗ ಕಟ್ಟಿದ್ದು, ಯಾವಾಗ ಸುಟ್ಟಿತು, ಯಾರು ಬಂದರು, ಯಾರು ಯುದ್ಧಕ್ಕೆ ಹೋಗಿ ಬರಲಿಲ್ಲ. ಎರಡು ವರ್ಷ ಚರ್ಚಿನ ಹಳೆಯ ದಫ್ತರಗಳ ಧೂಳು ಕುಡಿದಿದ್ದೇನೆ. ಸೈನ್ಯಕ್ಕೆ ಗಂಡಸರು ಎಷ್ಟು ಸಿಗುತ್ತಾರೆ ಎಂದು ಎಣಿಸಲು ಇನ್ನೂರೈವತ್ತು ವರ್ಷದ ಹಿಂದೆ ಮಹಾರಾಣಿಯ ಕಾಲದಲ್ಲಿ ಅಧಿಕಾರಿಗಳು ಬಂದು ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ನಂಬರ್ ಬರೆದರಲ್ಲ, ಅದೇ ನಂಬರ್ ಇವತ್ತಿಗೂ ನಮ್ಮದು. ಆಮೇಲೆ ಯಾರು ಎಲ್ಲಿ ಮನೆ ಕಟ್ಟಿದರೂ ಮುಂದಿನ ನಂಬರ್. ಹಾಗಾಗಿ ಒಂಬತ್ತರ ಪಕ್ಕ ಅರವತ್ತೊಂದು, ಅದರ ಎದುರು ಇಪ್ಪತ್ತು. ಹೊರಗಿನಿಂದ ಬಂದವರು ತಲೆ ಕೆರೆದುಕೊಳ್ಳುತ್ತಾರೆ, ನಮಗೆ ಅದರಲ್ಲಿ ಒಂದು ತಕರಾರೂ ಇರಲಿಲ್ಲ.

ನಮ್ಮ ಮನೆಯ ಪುಟ ಬರೆಯುವಾಗ ನಿನ್ನ ನೆನಪು ಬಹಳ ಕಾಡಿತು. ಮೊಳೆ ಕಮ್ಮಾರರ ಮನೆ ಎಂದು ಹೆಸರು, ಆದರೆ ನೂರೈವತ್ತು ವರ್ಷದಿಂದ ಇಲ್ಲಿ ಯಾರೂ ಒಂದು ಮೊಳೆ ಬಡಿದಿಲ್ಲ. ಹಳ್ಳದ ನೀರಿನಿಂದ ಸುತ್ತಿಗೆ ಆಡಿಸುತ್ತಿದ್ದ ಕಾಲ ಮುಗಿದು, ಕುಲುಮೆಯೂ ಕುಸಿದು, ಅಜ್ಜ ಅದೇ ಕಲ್ಲಿನಿಂದ ಹಂದಿಗೂಡು ಕಟ್ಟಿದ. ಮನೆಯ ಹೆಸರು ಮಾತ್ರ ಯಾರು ಬಂದರೂ ಅವರ ಮೈಗೆ ಅಂಟಿತು. ನನ್ನ ಗೊಟ್‌ಫ್ರೀಡ್ ಮನೆ ಅಳಿಯನಾಗಿ ಬಂದವನು, ಕಾಗದದಲ್ಲಿ ಕೋಗ್ಲರ್. ಆದರೆ ಮದುವೆಯ ಮರುದಿನದಿಂದಲೇ ಅವನೂ ಮೊಳೆ ಕಮ್ಮಾರ. "ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ, ಇವನ್ಯಾವ ಕಮ್ಮಾರನೋ" ಎಂದು ನೀನು ರೇಗಿಸುತ್ತಿದ್ದೆ. ನಿನ್ನ ಮಾತಿಗೆ ಮಾತ್ರ ಅವನು ನಗುತ್ತಿದ್ದ.

ಎರಡು ಪಂಚಾಯಿತಿ ಒಂದಾದದ್ದರಿಂದ ನನಗೆ ಎಷ್ಟು ನೋವಾಯಿತೆಂದು ನೀನು ಬಲ್ಲೆ. ರಾಜಧಾನಿಯಲ್ಲಿ ಕೂತವರು ನಕ್ಷೆಯ ಮೇಲೆ ಬೆರಳಾಡಿಸಿ, ಮುನ್ನೂರ ಎಂಬತ್ತು ಜನರಿಗೆ ಒಂದು ಆಫೀಸು ಯಾಕೆ ಅಂದರು. ಮುಗಿಯಿತು. ಹೊಸ ಪಂಚಾಯಿತಿಗೆ ಹೆಸರು ಸೊನ್‌ಲೈಟನ್, ನಾವು ಅದರ ಬಾಲ, ಒಂದೇ ಪಂಚಾಯಿತಿಯಲ್ಲಿ ಈಗ ಎರಡು ಒಂಬತ್ತು. ನಾನು ಹಠ ಹಿಡಿದೆ. ಅರ್ಜಿ, ತೆರಿಗೆ, ಪಿಂಚಣಿ ಯಾವ ಕಾಗದವಾದರೂ ಊರು ಎಂಬಲ್ಲಿ ಕಾಲ್ಟನ್‌ಗ್ರಾಬನ್ ಎಂದೇ ಬರೆದೆ. ಹೊಸ ಆಫೀಸಿನ ಹುಡುಗಿ ಎರಡು ಸಲ ವಾಪಸು ಕಳಿಸಿದಳು, ನಾನು ಮೂರು ಸಲ ಕಳಿಸಿದೆ. ಗೊಟ್‌ಫ್ರೀಡ್ ಹೇಳುತ್ತಿದ್ದ, "ಬಿಡೇ ಇರ್ಮಿ, ಹೆಸರು ಬದಲಾದ್ರೆ ಆಲೂಗಡ್ಡೆ ಕಮ್ಮಿ ಬೆಳೆಯುತ್ತಾ?" ನಾನು ಬಿಡಲಿಲ್ಲ. ಬಿಡುವುದು ನನಗೆ ಬರುವುದಿಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಈಗ ಬೀದಿಗಳಿಗೆ ಹೆಸರಿಡುತ್ತಿದ್ದಾರೆ. ಹಳೆಯ ನಂಬರುಗಳು ಹೊಸ ವರ್ಷಕ್ಕೆ ರದ್ದು. ಸಭೆಗೆ ನೀನು ಬಂದಿರಲಿಲ್ಲ, ಬಂದಿದ್ದರೆ ನಗುತ್ತಿದ್ದೆ. ಎಲ್ಲಿಂದಲೋ ಕರೆಸಿದ ಸಲಹೆಗಾರ ನಮ್ಮ ರಸ್ತೆಗೆ ಬಿಸಿಲು ದಾರಿ ಎಂಬ ಹೆಸರು ಸೂಚಿಸಿದ. ಅರವತ್ತೊಂದನೇ ಮನೆಯ ಅಲ್ಫೋನ್ಸ್ ಕೋಲೂರಿಕೊಂಡು ಎದ್ದು, "ಸ್ವಾಮಿ, ಎಂಬತ್ಮೂರು ವರ್ಷದಿಂದ ಚಳಿಗಾಲದಲ್ಲಿ ಅದನ್ನೇ ಹುಡುಕ್ತಾ ಇದೀನಿ. ನಿಮಗೆ ಸಿಕ್ಕಿದ್ರೆ ನನಗೂ ಸ್ವಲ್ಪ ತೋರಿಸಿ" ಅಂದ. ಮೇಯರ್ ಮಾರ್ಗಿಟ್ ಕೂಡ ನಕ್ಕುಬಿಟ್ಟಳು. ಕೊನೆಗೆ ಕುಲುಮೆ ದಾರಿ ಎಂದಾಯಿತು. ನಮ್ಮ ಮನೆ ಕುಲುಮೆ ದಾರಿ ನಾಲ್ಕು. ನಿನ್ನ ಮನೆ ಸೇಬಿನ ತೋಪು ಹದಿನೇಳು. ಒಂಬತ್ತು ಯಾರಿಗೂ ಇಲ್ಲ.

ಬೀದಿಗೆ ಹೆಸರು ಯಾಕೆ ಬೇಕಾಯಿತು ಎಂಬುದಕ್ಕೆ ಪುಸ್ತಕದಲ್ಲಿ ಒಂದು ಪುಟವಿದೆ. ಆ ಪುಟದಿಂದಾಗಿಯೇ ಈ ಕಾಗದ. ಮಾರ್ಗಿಟ್ ತಾನೇ ಬರೆದು ನನ್ನ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದಿ ಅಂದಳು. ಅವಳು ಬರೆದದ್ದು ಹೀಗಿದೆ: "2019ರ ಜನವರಿಯಲ್ಲಿ ಆಂಬುಲೆನ್ಸ್ ಒಂದು ಸೊನ್‌ಲೈಟನ್‌ನ 9ನೇ ನಂಬರಿನ ಮನೆಗೆ ಹೋಯಿತು. ಆ ಮನೆಯವರು ಇಲ್ಲಿ ರೋಗಿಯಿಲ್ಲ ಎಂದು ವಾಪಸು ಕಳಿಸಿದ್ದರಿಂದ, ಕಾಲ್ಟನ್‌ಗ್ರಾಬನ್‌ನ 9ನೇ ನಂಬರಿಗೆ ತಲುಪುವುದು ಇಪ್ಪತ್ತೈದು ನಿಮಿಷ ತಡವಾಗಿ ಒಂದು ಜೀವ ಹೋಯಿತು." ಕೇಳಿದರೆ, "ಯಾರ ಹೆಸರೂ ಹಾಕಿಲ್ವಲ್ಲ ಕೋಗ್ಲರ್ ಮೇಡಂ, ಬರೀ ನಂಬರ್" ಅನ್ನುತ್ತಾಳೆ. ಒಳ್ಳೆಯ ಹುಡುಗಿ, ಆದರೆ ಹೊರಗಿನಿಂದ ಬಂದವಳು. ಈ ಊರಲ್ಲಿ ನಂಬರ್ ಹಾಕಿದರೆ ಹೆಸರು ಹಾಕಿದ ಹಾಗೆಯೇ ಅಲ್ಲವೇ? ನಾಲ್ಕು ಹಾಳೆ ತಿರುಗಿಸಿದರೆ ಸೊನ್‌ಲೈಟನ್ ಒಂಬತ್ತರ ಪುಟ, ಅಲ್ಲಿ ನಿನ್ನ ಮತ್ತು ಎಂಗೆಲ್‌ಬರ್ಟ್‌ನ ಫೋಟೊ. ನಿನ್ನ ಮೊಮ್ಮಕ್ಕಳು ಓದುತ್ತಾರೆ. ಅವರ ಮಕ್ಕಳೂ ಓದುತ್ತಾರೆ.

ಅವಳು ಇದನ್ನು ಎಲ್ಲಿಂದಲೋ ಕಲ್ಪಿಸಿಕೊಂಡು ಬರೆದಿಲ್ಲ. ನಾನು ಊರೆಲ್ಲ ಹೇಳಿಕೊಂಡು ಬಂದದ್ದನ್ನೇ ಬರೆದಿದ್ದಾಳೆ. ಆ ಬೆಳಿಗ್ಗೆ ಎಂಟು ಗಂಟೆಗೆ ಗೊಟ್‌ಫ್ರೀಡ್ ಹಾಲಿನ ಬಕೆಟ್ ಹಿಡಿದು ಬಾಗಿಲಲ್ಲೇ ಕುಸಿದದ್ದು, ನಾನು ಫೋನ್ ಮಾಡಿದ್ದು, ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕಾದದ್ದು. ಎದುರು ಗುಡ್ಡದಲ್ಲಿ ನೀಲಿ ದೀಪ ನಿನ್ನ ಮನೆಯತ್ತ ಏರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು, ಲಿಂಡಿ. ಅದು ಅಲ್ಲಿ ನಿಂತಿತು. ಇಳಿದು ಜಿಲ್ಲಾ ರಸ್ತೆ ಹಿಡಿದು ಹೊರಟೇಹೋಯಿತು. ಆಮೇಲೆ ನೀನು ಫೋನ್ ಮಾಡಿ, "ಅಕ್ಕಾ, ನಿಮ್ಮನೇಲಿ ಏನಾದ್ರೂ..." ಅಂದಾಗ ನಾನು ಅವನ ಹೆಸರಷ್ಟೇ ಹೇಳಿದೆ. ನೀನೇ ಆಂಬುಲೆನ್ಸಿನವರಿಗೆ ಮತ್ತೆ ಹೇಳಿ ತಿರುಗಿಸಿದೆ. ಅವರು ಬಂದಾಗ ಅವನ ಕೈ ತಣ್ಣಗಾಗಿತ್ತು. ಮೊದಲೇ ಬಂದಿದ್ದರೂ ಉಳಿಯುತ್ತಿದ್ದನೋ ಇಲ್ಲವೋ ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಯಾವ ಕಡೆಗಾದರೂ.

ಮಣ್ಣು ಮಾಡಿದ ದಿನ ಪಾದ್ರಿಯ ಎದುರು, ಎರಡೂ ಊರಿನವರ ಎದುರು ನಾನು ಅಂದ ಮಾತು ನೀನು ಮರೆತಿರಲಾರೆ. "ಹುಟ್ಟಿದ ಮನೆ ನಂಬರ್ ಮರ್ತುಹೋಯ್ತೇನೇ? ಒಂಬತ್ತು ಅಂದ್ರೆ ಇನ್ನೊಂದು ಮನೆ ಇದೆ ಅಂತ ಹೇಳೋಕೆ ನಿನ್ನ ನಾಲಿಗೆ ಸವೀತಿತ್ತಾ? ಬಿಸಿಲಿನೋರಾದ್ರಲ್ಲ ನೀವು, ನೆರಳಿನೋರು ಯಾಕೆ ನೆನಪಾಗ್ತಾರೆ." ನೀನು ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅಂದಿನಿಂದ ಬೇಕರಿಯಲ್ಲಿ, ಚರ್ಚಿನಲ್ಲಿ ಜನ ನಿನ್ನನ್ನು ಹೇಗೆ ನೋಡುತ್ತಾರೆಂದು ನನಗೆ ಗೊತ್ತು. ಅಪ್ಪ ಅಮ್ಮನ ಸಮಾಧಿಗೆ ನೀನು ಸತ್ತವರ ಹಬ್ಬದಂದು ಎಲ್ಲರಿಗಿಂತ ಮೊದಲು ಬಂದು ಹೂವಿಟ್ಟು ಹೋಗುತ್ತೀಯ, ಯಾರೂ ಎದುರಾಗಬಾರದೆಂದು. ಈ ಸಲವೂ ಗೊಟ್‌ಫ್ರೀಡ್‌ನ ಕಲ್ಲಿನ ಮೇಲೆ ಬಿಳಿ ಸೇವಂತಿಗೆಯಿತ್ತು. ನಾನು ಅದನ್ನು ತೆಗೆಯಲಿಲ್ಲ. ಹಿಂದಿನ ವರ್ಷಗಳಲ್ಲಿ ತೆಗೆದು ಎಸೆದಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಪುಸ್ತಕದ ಆ ಹಾಳೆ ಎರಡು ವಾರದಿಂದ ಈ ಮೇಜಿನ ಮೇಲಿದೆ. ಇವತ್ತು ಮಾರ್ಗಿಟ್ ಬಂದು ಒಯ್ಯುತ್ತಾಳೆ, ನಾಳೆ ಅಚ್ಚಿಗೆ. ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದೇನೆ, ಅದನ್ನು ತಿದ್ದುವ ಬದಲು ನಿನಗೆ ಬರೆಯುತ್ತಿದ್ದೇನೆ. ಸಾಕಾಗಿದೆ ಲಿಂಡಿ. ಕೋಪ ಹೊತ್ತುಕೊಂಡು ತಿರುಗುವುದಕ್ಕೂ ಶಕ್ತಿ ಬೇಕು, ಅದು ನನ್ನಲ್ಲಿ ಮುಗಿದಿದೆ. ಮಧ್ಯಾಹ್ನಕ್ಕೆ ಗೋಧಿ ಹಿಟ್ಟು ಹುರಿದು ಸ್ಟೆರ್ಟ್ಸ್ ಮಾಡಿದೆ, ಒಬ್ಬಳಿಗೆ ಎಷ್ಟು ಹಿಟ್ಟು ಎಂಬುದು ಇನ್ನೂ ಕೈಗೆ ಬಂದಿಲ್ಲ, ಯಾವಾಗಲೂ ಇಬ್ಬರಿಗಾಗುವಷ್ಟು ಆಗುತ್ತದೆ.

ಊರುಗೋಲು ಬಿಡುವ ಅವಸರ ಮಾಡಬೇಡ. ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿದಾಗ ಎಂಗೆಲ್‌ಬರ್ಟ್ ಬೂದಿ ಹಾಕುವವರೆಗೂ ಹೊರಗೆ ಕಾಲಿಡಬೇಡ. ಅವನಿಗೆ ನನ್ನ ನೆನಪು ಹೇಳು. ಮಕ್ಕಳು ಮೊಮ್ಮಕ್ಕಳಿಗೆ ಈ ದೊಡ್ಡಮ್ಮನ ಹಾರೈಕೆ. ಅವರು ನನ್ನ ಮುಖ ಮರೆತಿದ್ದರೆ ತಪ್ಪು ಅವರದ್ದಲ್ಲ. ನೀನು ಚೆನ್ನಾಗಿರು, ನನ್ನ ಪುಟ್ಟಿ.

ನಿನ್ನ ಅಕ್ಕ
ಇರ್ಮ್‌ಗಾರ್ಡ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯ ವ್ಯಾನು ಸೇತುವೆ ದಾಟುತ್ತಿದೆ. ಮಾರ್ಗಿಟ್ ಈಗಷ್ಟೇ ಬಂದು ಹಾಳೆ ಒಯ್ದಳು. ಅವಳು ಬರೆದದ್ದನ್ನು ಹೊಡೆದುಹಾಕಿ ಕೆಳಗೆ ನಾನು ಬರೆದುಕೊಟ್ಟದ್ದು ಇಷ್ಟು: "2019ರ ಜನವರಿಯಲ್ಲಿ ಕಾಲ್ಟನ್‌ಗ್ರಾಬನ್ 9ರ ಇರ್ಮ್‌ಗಾರ್ಡ್ ಕೋಗ್ಲರ್ ಆಂಬುಲೆನ್ಸಿಗೆ ಫೋನ್ ಮಾಡಿ ತಪ್ಪು ಊರು ಹೇಳಿದಳು. ಸೊನ್‌ಲೈಟನ್ 9ರ ಅವಳ ತಂಗಿ ಗೆರ್ಲಿಂಡೆ ವಿಚಾರಿಸಿ ತಿಳಿದು ಗಾಡಿಯನ್ನು ಸರಿಯಾದ ಮನೆಗೆ ತಿರುಗಿಸಿದಳು." ಮಾರ್ಗಿಟ್ ಓದಿ, "ಇದು ಬೇಕಾ ನಿಮಗೆ?" ಅಂದಳು. ಹೆಸರು ಸಮೇತ ಹಾಕು ಅಂದೆ. ಆ ಬೆಳಿಗ್ಗೆ ಆಂಬುಲೆನ್ಸಿನ ಫೋನಿನಲ್ಲಿದ್ದವನು ಕೇಳಿದ್ದು, "ಯಾವ ಪಂಚಾಯಿತಿ?" ಎಂದು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಕೂತವಳು, ಕಚೇರಿಯ ಪ್ರಶ್ನೆಗೆ ಕಚೇರಿಯ ಉತ್ತರವೇ ಬಾಯಿಗೆ ಬಂತು. "ಸೊನ್‌ಲೈಟನ್, ಒಂಬತ್ತು" ಅಂದೆ. ಅವನು ಅದನ್ನೇ ಮತ್ತೊಮ್ಮೆ ಓದಿ ಹೇಳಿ ಸರಿಯಾ ಅಂದ, ಸರಿ ಅಂದೆ. ನೀಲಿ ದೀಪ ನಿನ್ನ ಮನೆಯತ್ತ ಏರುವುದನ್ನು ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಸ್ಮಶಾನದಲ್ಲಿ ನಿನಗೆ ಆ ಮಾತು ಅಂದಾಗಲೂ ಗೊತ್ತಿತ್ತು, ಲಿಂಡಿ. ಗೊತ್ತಿದ್ದೇ ಅಂದೆ.