ಬೀಜ ಆರಿಸುವ ಮಾತು

ಅಕ್ಕಾ, ದೇವರ ಪಾದದಲ್ಲಿರುವ ನಿನಗೆ ಈ ತಂಗಿಯ ನಮಸ್ಕಾರ.

ಕುದ್ರೋಳಿಯ ಶೀನ ನಿನ್ನ ಮಗಳು ಗಿರಿಜೆಯನ್ನು ಕೇಳಿಕೊಂಡು ಬಂದ ದಿನ ನೀನಿರಬೇಕಿತ್ತು. ಹಂಚಿನ ಕಾರ್ಖಾನೆಯ ಕೆಲಸದವನು. "ಹುಡುಗಿಗೆ ಕಿವಿ ಕೇಳುವುದಿಲ್ಲ, ಮಾತಿಲ್ಲ, ಗೊತ್ತುಂಟಲ್ಲ?" ಎಂದೆ. "ನಮ್ಮ ಮೆಶಿನಿನ ಎದುರು ಯಾರಿಗೂ ಕೇಳುವುದಿಲ್ಲ ಅಮ್ಮಾ" ಎಂದು ನಕ್ಕ.

ನಮ್ಮ ತಮ್ಮ ವಾಸು ಒಪ್ಪಲಿಲ್ಲ. ಸೋದರಮಾವ, ಮನೆಯ ಯಜಮಾನ. ನೀನು ಹೋದ ಮೇಲೆ ಮದರಾಸಿನಲ್ಲಿ ಓದಿ ಡಾಕ್ಟರನೂ ಆದ. ಅವನು ಓದಿದ ಪುಸ್ತಕದಲ್ಲಿ ಉಂಟಂತೆ, ಜರ್ಮನಿಯಲ್ಲಿ ಪ್ರೊಫೆಸರರು ವರ್ಷಗಟ್ಟಲೆ ಬರೆದರಂತೆ, ಹೊಸ ಸರಕಾರ ಬಂದು ಅದನ್ನೇ ಕಾನೂನು ಮಾಡಿತಂತೆ: ಹುಟ್ಟುಕಿವುಡರು, ಕುರುಡರು, ಬುದ್ಧಿ ಬೆಳೆಯದವರು ಮಕ್ಕಳನ್ನು ಹೆರಬಾರದು. ಅದಕ್ಕೊಂದು ಕೋರ್ಟೂ ಉಂಟಂತೆ. ಜಡ್ಜರ ಜೊತೆ ಡಾಕ್ಟರರೂ ಕೂತು ತೀರ್ಪು ಕೊಡುವುದಂತೆ.

"ನಮಗೆ ಹಂಚು ಸುಡಲು ಕಲಿಸಿದ್ದೇ ಅಲ್ಲಿಂದ ಬಂದ ಪಾದ್ರಿಗಳು, ಅವರೇನು ದಡ್ಡರಾ ಸಣ್ಣಕ್ಕ? ಗದ್ದೆಗೆ ನಾವು ಬೀಜ ಆರಿಸುವುದಿಲ್ವಾ?"

"ಭತ್ತ ಬೆಳೆಸುವುದು ತಿನ್ನಲಿಕ್ಕೆ. ಮಕ್ಕಳನ್ನು ಎಂತಕ್ಕೆ ಮಾರಾಯಾ?"

ಅವನು ಸ್ವರ ತಗ್ಗಿಸಿದ. "ಮದುವೆ ಬೇಕಾದರೆ ಆಗಲಿ. ಮೊದಲು ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸುವ. ಹೊಟ್ಟೆನೋವಿಗೆ ಅಂತ ಹೇಳಿದರಾಯ್ತು, ಅವಳಿಗೆ ಗೊತ್ತಾಗುವುದಿಲ್ಲ."

ವಾಸು ಕೆಟ್ಟವನಲ್ಲ ಅಕ್ಕಾ. ಬಡವರಿಗೆ ಪುಕ್ಕಟೆ ಮದ್ದು ಕೊಡುವವನು. ಅಂಥವನ ಬಾಯಲ್ಲಿ ಈ ಮಾತು... ಗಿರಿಜೆಯನ್ನು ಹೆತ್ತದ್ದಕ್ಕೆ ನೀನು ಒಂದು ದಿನವಾದರೂ ದೇವರನ್ನು ದೂರಿದ್ದೆಯಾ? ನಾನಂತೂ ಕೇಳಿಲ್ಲ.

ಅಂದು ಸಂಜೆ ದೇವರಿಗೆ ದೀಪ ಇಟ್ಟು, ಗಿರಿಜೆಗೆ ಎಲ್ಲವನ್ನೂ ಕೈಸನ್ನೆಯಲ್ಲಿ ತಿಳಿಸಿದೆ. ಅವಳು ಮಾವನ ಎದುರು ಹೋಗಿ ನಿಂತು, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು.

"ಎಂತ ಹೇಳ್ತಾಳೆ?" ಎಂದು ವಾಸು ನನ್ನನ್ನು ಕೇಳಿದ.

"ನನ್ನನ್ನಲ್ಲ, ಅವಳನ್ನು ನೋಡು" ಎಂದೆ.

ಆಪರೇಶನ್ನಿನ ಮಾತು ಮತ್ತೆ ಬರಲಿಲ್ಲ. ಮದುವೆಯ ದಿನ ವಾಸುವೇ ಧಾರೆ ಎರೆದ, ಊಟಕ್ಕೆ ಮಾತ್ರ ಕೂರಲಿಲ್ಲ.

ಈಗ ನಿನಗೆ ಮುಟ್ಟಿಸಬೇಕಾದ ಸುದ್ದಿ. ಹೆಣ್ಣುಮಗು. ನಮ್ಮ ಅಳಿಯಸಂತಾನದ ಮನೆ ಮುಂದುವರಿಯುವುದು ಹೆಣ್ಣಿನಿಂದಲೇ ಅಲ್ಲವಾ? ವಾಸು ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟಿದ, ಹಿತ್ತಾಳೆ ತಟ್ಟೆ ಬಡಿದ. ಮಗು ತಿರುಗಲಿಲ್ಲ. "ನಾನು ಹೇಳಿದ್ದೆ" ಎನ್ನುತ್ತಾನೆಂದು ಕಾದೆ. ಅವನು ತಟ್ಟೆ ಕೆಳಗಿಟ್ಟು ತೊಟ್ಟಿಲು ತೂಗಿದ. ಇವಳಿಗೂ ಕೇಳುವುದಿಲ್ಲ ಅಕ್ಕಾ. ಅಷ್ಟರಮಟ್ಟಿಗೆ ಅವನ ಪುಸ್ತಕ ಸರಿ. ಆದರೆ ಇವಳು ಬೇಡ ಎಂದು ಬರೆದವರು ಇವಳ ನಗು ನೋಡಿದ್ದಾರಾ?

ನಿನ್ನ ಹೆಸರನ್ನೇ ಇಟ್ಟಿದ್ದೇವೆ. ಗಿರಿಜೆ ನಿನ್ನನ್ನು ಕರೆಯುವುದು ತನ್ನ ಮೂಗಿನ ಮೇಲೆ, ನಿನ್ನ ಮೂಗುತಿ ಇದ್ದಲ್ಲಿ, ಬೆರಳಿಟ್ಟು. ಈಗ ಮಗುವನ್ನೂ ಹಾಗೆಯೇ. ನಿನ್ನೆ ವಾಸು ಮಗುವನ್ನು ಕರೆಯಲು ತೊಟ್ಟಿಲಿಗೆ ಬಗ್ಗಿ, ಜಾಗ ಮರೆತು, ತನ್ನ ಹಣೆಗೆ ಬೆರಳಿಟ್ಟ. ಗಿರಿಜೆ ನಗುತ್ತಾ ಅವನ ಬೆರಳನ್ನು ಹಿಡಿದು ಮೂಗಿಗೆ ಇಳಿಸಿದಳು.