ತ್ರಿವೇಣಿಯ ಮಾತ್ರೆ ತಡೆದ ಅಧಿಕಾರಿಗಳಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಮೊಮ್ಮಗಳು ತ್ರಿವೇಣಿಗೆ ಬೆಂಗಳೂರಿನ ಹೃದಯದ ಡಾಕ್ಟರಮ್ಮ ಬರೆದ ಮಾತ್ರೆಯನ್ನು ಕೊಡಕೂಡದೆಂದು ತಾವು ಆಸ್ಪತ್ರೆಗೆ ಅಪ್ಪಣೆ ಮಾಡಿದ್ದೀರಿ. ಕೊಬ್ಬಿಳಿಸುವ ಮಾತ್ರೆ ಐವತ್ತು ದಾಟಿದವರಿಗಂತೆ. ಹತ್ತು ವರ್ಷದ ಹುಡುಗಿ ಅಲ್ಲಿಯವರೆಗೆ ಕಾಯಬೇಕೇ?

ಅದಿರಿನ ಲಾರಿಗಳು ಬಂದ ಮೇಲೆ ನಮ್ಮ ಗಾದಿಗನೂರಿನಲ್ಲಿ ಉಣ್ಣುವ ತಾಟಿನಲ್ಲೂ ಕೆಂಪು ಧೂಳು. ಕೆಮ್ಮುತ್ತಾ ನಿಮ್ಮ ಆರೋಗ್ಯ ಶಿಬಿರಕ್ಕೆ ಬಂದವರನ್ನು ತಾವು "ಇದು ನಿಮ್ಮ ವಂಶದ್ದು" ಎಂದು ಕಳಿಸಿದಿರಿ. ತ್ರಿವೇಣಿಯ ಮೊಣಕೈ, ಮೊಣಕಾಲ ಮೇಲೆ ಹಳದಿ ಗಂಟುಗಳೆದ್ದಾಗ ನಾವು ಅದೂ ಧೂಳಿನದೇ ಎಂದುಕೊಂಡು ಕಡಲೆಹಿಟ್ಟು ಹಚ್ಚಿ ತಿಕ್ಕಿದೆವು. ಹೋಗಲಿಲ್ಲ. ನಿಮ್ಮ ಮುಂದೆ ತಂದು ನಿಲ್ಲಿಸಿದೆವು.

"ಏನಮ್ಮಾ, ತುಪ್ಪ ಭಾಳ ತಿನ್ನಿಸ್ತೀರೇನು?" ಎಂದಿರಿ.

"ತುಪ್ಪ ಎಲ್ಲೈತ್ರೀ ಸಾಹೇಬ್ರ? ಹುಲ್ಲಿನ ಮ್ಯಾಲೆಲ್ಲಾ ಧೂಳ ಅಂತ ಎಮ್ಮಿ ಬಾಯಿ ಹಚ್ಚವಲ್ದು. ಮಾರಿಬಿಟ್ವಿ."

"ಹಂಗಾದ್ರ ಎಣ್ಣಿ ಕಡಿಮಿ ಮಾಡ್ರಿ" ಎಂದು ಮುಂದಿನವರನ್ನು ಕರೆದಿರಿ.

ಧೂಳಿನ ಕೆಮ್ಮು ವಂಶದ್ದಾಯಿತು, ವಂಶದ ರೋಗ ತುಪ್ಪದ್ದಾಯಿತು. ಈ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ?

ಕೊನೆಗೆ ಬೆಂಗಳೂರಿಗೆ ಕರೆದೊಯ್ದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ತಿಳಿಸಿದರು. ಜೀವಕೋಶದ ಹೊರಮೈಯಲ್ಲಿ ರಕ್ತದೊಳಗಿನ ಕೊಬ್ಬನ್ನು ಹಿಡಿದು ಒಳಗೆಳೆಯುವ ದೊಡ್ಡದೊಂದು ಪ್ರೋಟೀನು ಇರುತ್ತದಂತೆ. ಅದನ್ನು ಕಟ್ಟುವ ಬಗೆ ಒಂದು ಜೀನಿನಲ್ಲಿದೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು. ತ್ರಿವೇಣಿಗೆ ಎರಡೂ ಕೆಟ್ಟವೇ ಬಂದವು. ಹಿಡಿಯುವ ಕೈ ಸೋತು ಕೊಬ್ಬು ರಕ್ತದಲ್ಲೇ ಉಳಿಯಿತು, ಗಂಟಾಯಿತು, ಎದೆಯ ನಾಳಕ್ಕೂ ಮೆತ್ತಿತು. ಮಾತ್ರೆಯಿಂದ ಪೂರಾ ವಾಸಿಯಾಗದು, ಆದರೆ ಅದು ತಪ್ಪಿದರೆ ಎದೆ ತಡೆಯದು ಎಂದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅರ್ಥವಾದದ್ದು ತಮಗೇಕೆ ಆಗಲಿಲ್ಲ?

ನನ್ನ ಮಗಳು, ತ್ರಿವೇಣಿಯ ತಾಯಿ ಗಂಗಾಂಬಿಕಾಳನ್ನು ಅವಳ ಸೋದರಮಾವನಿಗೇ, ಅಂದರೆ ನನ್ನ ತಮ್ಮನಿಗೇ ಕೊಟ್ಟಿದ್ದೇವೆ; ಒಂದೇ ಮನೆತನದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದದ್ದು ಹಾಗೆ. ಅದನ್ನು ಕೇಳಿದ ನಿಮ್ಮ ಗುಮಾಸ್ತರು "ನೀವ ಮಾಡ್ಕೊಂಡಿದ್ದು, ನೀವ ಅನುಭವಿಸ್ರಿ" ಎಂದು ನಕ್ಕರು. ಮದುವೆ ಮಾಡಿದವರು ನಾವು, ಸರಿ. ತ್ರಿವೇಣಿಯೇನು ಆ ಮದುವೆಗೆ ಬಂದು ಅಕ್ಕಿಕಾಳು ಹಾಕಿದ್ದಳೇ?

ಇನ್ನು ಬೇಡುವುದಿಲ್ಲ, ಹೇಳುತ್ತೇನೆ. ಮಾತ್ರೆ ಪ್ರತಿ ತಿಂಗಳೂ ನಮ್ಮ ಆಸ್ಪತ್ರೆಯಲ್ಲೇ ಸಿಗಬೇಕು. ನಮ್ಮ ಬಳಗದ ಮಕ್ಕಳೆಲ್ಲರ ರಕ್ತ ನೋಡಬೇಕು. ಬರುವ ಸೋಮವಾರ ನಾನೂ ತ್ರಿವೇಣಿಯೂ ನಿಮ್ಮ ಕಚೇರಿಗೆ ಬರುತ್ತೇವೆ. ನಿಮ್ಮ ಕೋಣೆ ಮೇಲಿನ ಮಹಡಿಯಲ್ಲಿದೆ. ಅಷ್ಟು ಮೆಟ್ಟಿಲು ಹತ್ತಿದರೆ ಅವಳು ಎದೆ ಹಿಡಿದು ಕೂರುತ್ತಾಳೆ. ಆದ್ದರಿಂದ ನಾವು ಕೆಳಗೇ ಕೂತಿರುತ್ತೇವೆ, ತಾವೇ ಇಳಿದು ಬರಬೇಕು. ಬರಿಗೈಯಲ್ಲಿ ಬರಬೇಡಿ.

ಇಂತಿ,
ನೀವು ಇಳಿಯುವವರೆಗೆ ಏಳದ ಮುದುಕಿ,
ಮರುಳಸಿದ್ದಮ್ಮ
ಗಾದಿಗನೂರು