ಅಪ್ಪ ಮೆಮೊರಿ ಹಾಕಲು ಬಂದದ್ದು

ಭಾನುವಾರ, ಬೆಳಗ್ಗೆ

ನನ್ನ ಮುದ್ದು ಪುಟ್ಟಿಗೆ,

ನೀನು ಚೆನ್ನಾಗಿದ್ದೀಯ ಎಂದು ನಿನ್ನೆ ಫೋನಿನಲ್ಲೇ ಗೊತ್ತಾಯಿತು. ನೆಗಡಿಯಾಗಿದೆ ಎಂದೂ ಗೊತ್ತಾಯಿತು, ನೀನು ಇಲ್ಲವೆಂದರೂ. ಹೇಳಬೇಕಾದ ಒಂದು ಸುದ್ದಿಯನ್ನು ಮಾತ್ರ ನಾನು ಹೇಳಲಿಲ್ಲ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಪತ್ರವಾದರೆ ನಾನು ಮುಗಿಸುವ ತನಕ ಸುಮ್ಮನಿರಲೇಬೇಕು.

ಇದನ್ನು ಟೈಪ್ ಮಾಡುತ್ತಿರುವುದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ. "ಗುಜರಿಗೆ ಹಾಕಮ್ಮ" ಎಂದಿದ್ದೆಯಲ್ಲ, ಅದೇ! ಈಗ ಗುಂಡಿ ಒತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ತೆರೆದುಕೊಂಡು ಕೂತಿರುತ್ತದೆ.

ಮಕ್ಕಳ ಗ್ರಂಥಾಲಯದ ನಕ್ಷೆ ಮಾಡಿಕೊಡಲು ನನ್ನನ್ನು ಕೇಳಿದ್ದರು ಎಂದು ಹೇಳಿದ್ದೆನಲ್ಲ. ಇಷ್ಟು ವರ್ಷ ಅವರಿವರ ಮನೆಗೆ ಒಂದು ಕೋಣೆ, ಒಂದು ಮೆಟ್ಟಿಲು ಎಂದು ಗೆರೆ ಎಳೆದವಳಿಗೆ ಮೊದಲ ದೊಡ್ಡ ಕೆಲಸ. ಸಮಿತಿಯವರ ಮುಂದೆ ಇಡೀ ಕಟ್ಟಡವನ್ನು ಪರದೆಯ ಮೇಲೆ ತಿರುಗಿಸಿ ತೋರಿಸಬೇಕಿತ್ತು. ಈ ಲ್ಯಾಪ್‌ಟಾಪ್ ಮಹಾರಾಯನೋ, ಒಂದು ಕಿಟಕಿ ಸರಿಸಿದರೆ ಸಾಕು, ಕಲ್ಲಾಗಿಬಿಡುತ್ತಿದ್ದ. ಹೊಸದಕ್ಕೆ ಹೋದರೆ ನನ್ನ ಕೈಗೆ ಪಳಗಿದ ಹಳೆಯ ಪ್ರೋಗ್ರಾಂ ಅದರಲ್ಲಿ ಓಡುವುದಿಲ್ಲ ಎಂದು ಅಂಗಡಿಯವರು ಕೈಯೆತ್ತಿದರು.

ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಔಷಧಿ ಅಂಗಡಿಯಲ್ಲಿ ನಿಂತಿದ್ದಾಗ ನಿನ್ನ ಅಪ್ಪ ಸಿಕ್ಕಿದರು. ಅವರು ಬೇರೆ ಬಾಡಿಗೆ ಕೋಣೆ ಮಾಡಿಕೊಂಡು ಹೋದ ಮೇಲೆ ನಾವು ಎದುರಾದರೆ ಹವಾಮಾನದ ಬಗ್ಗೆ ಎರಡು ಮಾತಾಡಿ ಬೇರೆಯಾಗುತ್ತಿದ್ದೆವು. ಅಂದು ಮಾತ್ರ ನಾನು ಲ್ಯಾಪ್‌ಟಾಪಿನ ಗೋಳನ್ನೆಲ್ಲ ತೋಡಿಕೊಂಡುಬಿಟ್ಟೆ. "ಬಿಸಾಡಬೇಡ ಕಣೆ. ಥಿಯೇಟರಲ್ಲಿ ನಾಟಕದ ಲೈಟು ನಡೆಸೋ ಲ್ಯಾಪ್‌ಟಾಪನ್ನ ನಾನೇ ಬಿಚ್ಚಿ ಸರಿಮಾಡಿದೀನಿ. ಮೆಮೊರಿ ಜಾಸ್ತಿ ಮಾಡಿ, ಡಿಸ್ಕ್ ಬದಲಾಯಿಸಿದ್ರೆ ಕುದುರೆ ಥರ ಓಡುತ್ತೆ" ಎಂದರು.

ಶನಿವಾರ ಬಂದರು. ಬಾಗಿಲಲ್ಲಿ ನೆಂಟರ ಹಾಗೆ ನಿಂತು ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳಿದಾಗ ನನಗೆ ಹೇಗೋ ಆಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿದೆವು. ನಾನು ಅದರ ತಳದ ಚಿತ್ರವನ್ನು ಹಾಳೆಯ ಮೇಲೆ ಬರೆದೆ; ಅವರು ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಟ್ಟೆ. ಒಳಗೆ ಎಷ್ಟು ಧೂಳು ಅಂತೀಯ, ಒಂದು ಇಲಿ ಸಂಸಾರ ಹೂಡಬಹುದಿತ್ತು! ಬ್ಯಾಟರಿಯ ತಂತಿ ಬಿಡಿಸಿ, ಹಳೆಯ ಮೆಮೊರಿ ತೆಗೆದು, ತಾವು ತಂದ ಹೊಸ ಪಟ್ಟಿಯನ್ನು ಕೂರಿಸಲು ಹೋದರು. ಕೂರಲಿಲ್ಲ. ಅದರ ಕಚ್ಚು ಒಂದು ಕಡೆ, ಇದರ ಹಲ್ಲು ಇನ್ನೊಂದು ಕಡೆ.

ನಿನಗೇ ಗೊತ್ತಲ್ಲ, ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ನು ಒತ್ತುತ್ತಾರೆ, ಮುರಿಯುತ್ತಾರೆ, ಕೊನೆಗೆ ಕಂಪನಿಯವರನ್ನು ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಸದ್ದಿಲ್ಲ. ಕಣ್ಣು ಬಿಟ್ಟರೆ ಅವರು ಪಟ್ಟಿಯನ್ನು ಮೆಲ್ಲಗೆ ಹೊರತೆಗೆದು ಕವರಿಗೆ ಹಾಕುತ್ತಿದ್ದಾರೆ. "ನಂದೇ ತಪ್ಪು. ಯಾವ ಜಾತಿಯದು ಬೇಕು ಅಂತ ನೋಡದೆ ತಂದ್ಬಿಟ್ಟೆ" ಎಂದರು. ಪುಟ್ಟಿ, ನಮ್ಮ ಮದುವೆಯಾದಾಗಿನಿಂದ ಆ ಎರಡು ಪದಗಳನ್ನು ಆ ಬಾಯಿಂದ ನಾನು ಕೇಳಿರಲಿಲ್ಲ. ಮೊಲಕ್ಕೆ ನಾಲ್ಕನೇ ಕಾಲು ಮೊಳೆತ ದಿನ ಅದು!

ಮುಂದಿನ ಶನಿವಾರ ಸರಿಯಾದದ್ದನ್ನು ತಂದರು. ಕೂರಿಸಿ, ಬ್ಯಾಟರಿ ಜೋಡಿಸಿ, ಗುಂಡಿ ಒತ್ತಿದರೆ ಪರದೆ ಕಪ್ಪೋ ಕಪ್ಪು. ನನ್ನ ಗ್ರಂಥಾಲಯವೆಲ್ಲ ಅದರೊಳಗಿತ್ತಲ್ಲ! "ನಿಮ್ಮನ್ನ ನಂಬಿದ್ದು ನನ್ನ ಬುದ್ಧಿಗೇಡಿತನ" ಎಂದು ರೇಗಿಬಿಟ್ಟೆ. ಅವರು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, "ಗೆರೆ ಎಳೆಯೋ ಕೈ ನಿಂದು. ನೀನೇ ಒಂದ್ಸಲ ನೋಡು" ಎಂದರು. ಮತ್ತೆ ಬಿಚ್ಚಿದೆ. ಬ್ಯಾಟರಿಯ ತಂತಿ ಕಳಚಿ, ಪಟ್ಟಿಯನ್ನು ಹೊರತೆಗೆದು, ಓರೆಯಾಗಿ ಒಳಸೇರಿಸಿ ಕೆಳಗೆ ಒತ್ತಿದೆ. ಟಕ್ ಎಂದಿತು. ಮೊದಲ ಸಲ ಅದು ಪೂರ್ತಿ ಕೂತೇ ಇರಲಿಲ್ಲ. ಬೆಳಕು ಬಂದಾಗ ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಛಾವಣಿಗೆ ಕೋಲಿನಿಂದ ಕುಟ್ಟಿದರು. ಅಪ್ಪ ನಮ್ಮ ನೆಲಕ್ಕೆ ಕಾಲಿನಿಂದ ತಿರುಗಿ ಕುಟ್ಟಿದರು.

ಆಮೇಲೆ ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಬೇಕಿತ್ತು. ಅದಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಪರದೆಯ ಮೇಲೆ ಒಂದು ಗೆರೆ ಇರುವೆಯ ಹಾಗೆ ತೆವಳುತ್ತಿತ್ತು. ಒಂದೇ ಮೇಜಿಗೆ ನಾವಿಬ್ಬರೂ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ! ಅವರು ನಾಟಕ ಮುಗಿಸಿ ಬರುವಾಗ ನನಗೆ ನಿದ್ದೆ, ನಾನು ಏಳುವಾಗ ಅವರಿಗೆ ನಿದ್ದೆ. ಇಬ್ಬರೂ ಎಚ್ಚರವಿದ್ದರೆ ಜಗಳ. ಹಾಗೇ ತಾನೆ ನಾವು ದೂರವಾದದ್ದು. ಅಂದು ಬೇರೆ ದಾರಿಯಿಲ್ಲದೆ ಮಾತಾಡಿದೆವು. ಗ್ರಂಥಾಲಯದ ನಕ್ಷೆಯ ಪ್ರತಿಯನ್ನು ಎಳೆದುಕೊಂಡು ನೋಡಿದವರು, "ಮಕ್ಕಳು ಓದೋ ಮೂಲೆಗೆ ಬೆಳಕು ಹಿಂದಿಂದ ಬರುತ್ತಲ್ಲ. ಅವರ ತಲೆ ನೆರಳೇ ಪುಸ್ತಕದ ಮೇಲೆ ಬೀಳಲ್ವಾ?" ಎಂದು ಕೇಳಿದರು. ನನ್ನ ಕೆಲಸದ ಹಾಳೆಯನ್ನು ಅವರು ಓದಿದ್ದೇ ಅದು ಮೊದಲು. ಓದಿದವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು. ಧೂಳು ಎಂದೆ. ಅವರು ನಂಬಿದ ಹಾಗೆ ನಟಿಸಿದರು.

ಸಂಜೆ ಹೊಸ ಡಿಸ್ಕ್ ಹಾಕಿ ಚಾಲೂ ಮಾಡಿದೆವು. ನಾನು ಆ ಓದುವ ಮೂಲೆಯ ಕಿಟಕಿಯನ್ನು ಎಡಗೋಡೆಗೆ ಸರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಿತು. ಆಮೇಲೆ ಕಟ್ಟಡವನ್ನು ಬುಗುರಿಯ ಹಾಗೆ ತಿರುಗಿಸಿ ತಿರುಗಿಸಿ ಇಬ್ಬರೂ ಮಕ್ಕಳಂತೆ ನಕ್ಕೆವು.

ಮಂಗಳವಾರ ಸಮಿತಿಯವರಿಗೆ ತೋರಿಸಿದೆ. ಅಧ್ಯಕ್ಷೆ ಆ ಓದುವ ಮೂಲೆಯನ್ನೇ ಎರಡು ಸಲ ತಿರುಗಿಸಿ ನೋಡಿ, "ಇಲ್ಲಿ ನನಗೇ ಕೂತ್ಕೋಬೇಕು ಅನ್ಸುತ್ತೆ" ಎಂದರು. ಕೆಲಸ ನನ್ನದಾಯಿತು ಪುಟ್ಟಿ! ನಿನ್ನಮ್ಮ ಗೆರೆ ಎಳೆದ ಕಟ್ಟಡ ಊರಿನ ನಡುವೆ ಎದ್ದು ನಿಲ್ಲುತ್ತದೆ.

ಅಪ್ಪ ಈಗ ಆಗಾಗ ಬಂದುಹೋಗುತ್ತಾರೆ. ಪ್ರಿಂಟರ್ ತಕರಾರು ಮಾಡುತ್ತಿದೆ, ಅಡುಗೆಮನೆಯ ಚಿಲಕವೂ ಸಡಿಲ. ಅಷ್ಟೇ. ನೀನು ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳಬೇಡ. ಬಿಸಿನೀರು ಕುಡಿ, ಕಿವಿ ಮುಚ್ಚಿಕೊಂಡು ಓಡಾಡು.

ಗೆದ್ದ ಸಂಭ್ರಮದಲ್ಲಿರುವ
ನಿನ್ನ ಅಮ್ಮ

ಮರೆತ ಮಾತು: ಮನೆಗೆ ಫೋನ್ ಮಾಡಿದಾಗ ಗಂಡಸಿನ ದನಿ ಕೇಳಿದರೆ ಬೇರೆ ಯಾರಿಗೋ ಹೋಯಿತೆಂದು ಇಟ್ಟುಬಿಡಬೇಡ. ಅಪ್ಪನ ಬಾಡಿಗೆ ಕೋಣೆಯ ವಿಳಾಸವನ್ನೂ ಹೊಡೆದುಹಾಕು, ಅದರ ಬೀಗದ ಕೈಯನ್ನು ಕಳೆದ ವಾರವೇ ಹಿಂದಿರುಗಿಸಿ ಬಂದರು. ಲ್ಯಾಪ್‌ಟಾಪಿನ ಫ್ಯಾನು ಈಗ ಸದ್ದೇ ಮಾಡುವುದಿಲ್ಲ. ಮನೆಯಲ್ಲಿ ಗೊರಕೆಯದ್ದೇ ಸದ್ದು.